ಕಿಟಕಿ ಕಡೆ ತಿರುಗಿದ ‘ಅ’

ಅಪ್ಪಾ,

ನೀನು ಕಲಿಸಿದ ಶಾಲೆಗೇ ನಾನು ಮುಖ್ಯೋಪಾಧ್ಯಾಯಿನಿ ಎಂಬ ಆದೇಶ ಇವತ್ತು ಬಂತು. ಒಪ್ಪಿಗೆಯ ಸಹಿಗೆ ಬಂದ ಗುಮಾಸ್ತರು ಹಳೇ ಕಡತವೊಂದನ್ನು ಮುಂದಿಟ್ಟು, “ಮೇಡಂ, ನಿಮ್ಮ ತಂದೆ ಇದೇ ಬಡ್ತೀನ ಮೂರು ಸಲ ಬೇಡ ಅಂದಿದ್ರು, ನೋಡಿ” ಎಂದು ನಕ್ಕರು. ಕಾರಣ ಬರೆಯುವ ಜಾಗದಲ್ಲಿ ನಿನ್ನ ದುಂಡನೆಯ ಅಕ್ಷರ: “ನಾನಿನ್ನೂ ಒಂದನೇ ತರಗತಿ ಪಾಸಾಗಿಲ್ಲ.”

ಅದು ನನ್ನ ಮಾತು. “ನಿನ್ನ ಜೊತೆಯವರೆಲ್ಲ ಹೆಡ್‌ಮಾಸ್ಟರಾದ್ರು, ನೀನೊಬ್ಬ ಒಂದನೇ ಕ್ಲಾಸಲ್ಲೇ ಫೇಲಾಗಿ ಕೂತಿದ್ದೀಯ” ಎಂದು ಹದಿನೈದರ ವಯಸ್ಸಿನಲ್ಲಿ ಮೂತಿ ತಿರುವಿದ್ದೆ. ನೀನು ನಕ್ಕಿದ್ದೆ.

ಅಲ್ಲಿ ಅಂಥದ್ದೇನಿದೆ ಎಂದು ನೋಡಲು, ಸಹಿ ಹಾಕದೆ ನೀನು ಕಲಿಸುತ್ತಿದ್ದ ಒಂದನೇ ತರಗತಿಯ ಕೋಣೆಗೆ ಹೋದೆ. ಪುಟ್ಟ ಹುಡುಗಿಯೊಬ್ಬಳು ಸ್ಲೇಟಿನಲ್ಲಿ ‘ಅ’ ಅಕ್ಷರವನ್ನು ತಿರುವುಮುರುವಾಗಿ ಬರೆದಿದ್ದಳು.

“ಯಾಕಮ್ಮ ಹೀಗೆ?” ಎಂದೆ.

“ಅದು ಕಿಟಕಿ ಕಡೆ ನೋಡ್ತಿದೆ, ಮಿಸ್.”

ತಪ್ಪು ಎನ್ನುವ ಬದಲು ನಾನೂ ಕಿಟಕಿ ಕಡೆ ನೋಡಿದೆ. ನೀನಾಗಿದ್ದರೆ ಏನನ್ನುತ್ತಿದ್ದೆ? ನೀನಿದ್ದಾಗ, ಊಟಕ್ಕೆ ಕೂತು ಇಂಥ ಕಥೆ ಶುರುಮಾಡಿದರೆ ನಾನು ರೇಡಿಯೊ ಜೋರು ಮಾಡುತ್ತಿದ್ದೆ.

ಬಾಗಿಲಲ್ಲಿ ಗುಮಾಸ್ತರು, “ಸಹಿ, ಮೇಡಂ?” ಎಂದರು. ಹಾಕಿದೆ. ಹಾಕಿ, ವೇಳಾಪಟ್ಟಿಯಲ್ಲಿ ಒಂದನೇ ತರಗತಿಯ ಮೊದಲ ಪಿರಿಯಡ್ಡಿಗೆ ನನ್ನ ಹೆಸರನ್ನೇ ಬರೆದುಕೊಂಡೆ.

ನಾನೂ ಒಂದಷ್ಟು ವರ್ಷ ಫೇಲಾಗಿ ನೋಡುತ್ತೇನೆ, ಅಪ್ಪಾ.