ಬಾವುಟ ಹಿಡಿದವನ ಎತ್ತರ

ಮಸ್ಕಿ
24 ನವೆಂಬರ್ 2024, ಭಾನುವಾರ

ಪ್ರೀತಿಯ ಸುನೀಲಣ್ಣನಿಗೆ,

ಜೈಭೀಮ್. ನಿನ್ನ ಕಾಗದ ಬಂದು ಆರು ವಾರವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಸೋಲಾಪುರದಿಂದ ನೀನು ದಿನಾ ಫೋನ್ ಮಾಡಿ "ಎಲ್ಲಾರೂ ಆರಾಮ?" ಎನ್ನುತ್ತಿದ್ದೆ, ನಾನು ದಿನಾ "ಹ್ಞೂ, ಆರಾಮ" ಎನ್ನುತ್ತಿದ್ದೆ. ಅದು ಸುಳ್ಳು. ನಮ್ಮ ಮನೆಯಲ್ಲಿ ಒಬ್ಬರು ಫೋನ್ ಹಿಡಿದರೆ ಸುತ್ತ ಮೂವರು ಕಿವಿ ಇಟ್ಟು ಕೂತಿರುತ್ತಾರೆ, ನಿನಗೇ ಗೊತ್ತು. ಈಗ ಎಲ್ಲ ಸರಿಹೋಗಿದೆ. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ಮೊದಲು ನನ್ನ ಸುದ್ದಿ ಮುಗಿಸುತ್ತೇನೆ. ಲಿಂಗಸುಗೂರಿನ ಖಾಸಗಿ ಕಾಲೇಜೊಂದರಲ್ಲಿ ವಾರಕ್ಕೆ ಮೂರು ದಿನ ಕನ್ನಡ ಪಾಠ ಹೇಳಲು ಕರೆದಿದ್ದಾರೆ. ಸಂದರ್ಶನದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಪ್ರಿನ್ಸಿಪಾಲರು ಕನ್ನಡಕ ತೆಗೆದು, "ಏನಮ್ಮಾ, ಹಿಂದಿನ ಬೆಂಚಿನವರಿಗೆ ಪಾಠಾನ ಪೋಸ್ಟಿನಾಗ ಕಳಸ್ತೀಯೇನು?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ಸ್ವಲ್ಪ ಜೋರಾಗಿ ಬಂತು. ಬಹುಶಃ ಅದನ್ನು ಕೇಳಿಯೇ ಕೆಲಸ ಕೊಟ್ಟಿರಬೇಕು.

ಇನ್ನು ಮನೆಯ ವಿಷಯ. ವಿಜಯದಶಮಿಯ ಮರುವಾರದಿಂದ ಮೊನ್ನೆ ಗುರುವಾರದವರೆಗೆ ಅವ್ವ ತನ್ನ ತಾಯಿಯೊಂದಿಗೆ ಮಾತು ಬಿಟ್ಟಿದ್ದಳು. ಹೌದು, ಆಯಿಯೊಂದಿಗೆ. ಒಂದು ತಿಂಗಳು ಇಬ್ಬರೂ ಒಂದೇ ಪಡಸಾಲೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಮಲಗಿದರು. ಅಪ್ಪ ನಡುವೆ ಸಿಕ್ಕು ಟಪಾಲಿನವನಾಗಿದ್ದ. "ನಿಮ್ಮತ್ತಿಗೆ ಗುಳಿಗಿ ತಗೊಳ್ಳಾಕ ಹೇಳ್ರಿ" ಎಂದು ಅವ್ವ, "ನಿಮ್ಮ ಹೇಣ್ತಿಗೆ ಹೇಳ್ರಿ, ತಗೊಂಡೀನಿ" ಎಂದು ಆಯಿ. ಇಬ್ಬರ ನಡುವೆ ಇದ್ದದ್ದು ನಾಲ್ಕು ಮೊಳ ಜಾಗ.

ಕಾರಣ ಅವ್ವ ಮಾಡುತ್ತಿರುವ ಮಾದರಿ ವಿಮಾನ. ನೀನು ನೌಕರಿಗೆ ಹೊರಟಾಗ ಅದು ಬರೀ ಬಿದಿರಿನ ಎಲುಬುಗೂಡಾಗಿತ್ತು. ನೀರಾವರಿ ಆಫೀಸಿನ ಟ್ರೇಸರ್ ಕೆಲಸದಿಂದ ನಿವೃತ್ತಳಾದ ದಿನ ಅವ್ವ ಏನೆಂದಿದ್ದಳು, ನೆನಪಿದೆಯೇ? "ಮಂದಿ ಎಳದ ಗೆರಿ ಮ್ಯಾಲೆ ಗೆರಿ ಎಳದು ಮೂವತ್ತಾರು ವರ್ಷ ಹೋತು. ಇನ್ನ ನಂದೊಂದು ಮಾಡ್ತೀನಿ." ಜೋಳದ ಚೀಲ ಇಡುತ್ತಿದ್ದ ಹಿಂದಿನ ಕೋಣೆ ಈಗ ಪೂರ್ತಿ ಕಾರ್ಖಾನೆ. ಎಣ್ಣೆ ಡಬ್ಬಿಯ ತಗಡನ್ನು ಒನಕೆಯ ಮೇಲಿಟ್ಟು ಬಡಿದು ವಿಮಾನದ ಮೈ ಮಾಡಿದ್ದಾಳೆ. ಹಳೇ ಗಡಿಯಾರದ ಹಲ್ಲುಗಾಲಿ ಉರುಳಿಸಿ ಅದರ ಮೇಲೆ ಸಾಲು ಸಾಲು ರಿವೆಟ್ಟಿನ ಗುರುತು ಮೂಡಿಸಿದ್ದಾಳೆ. ಪೈಲಟ್ ಕೂರುವ ಜಾಗದ ಗಾಜು ಎಂದರೆ ನನ್ನ ಕಾಲಿನ ಎಕ್ಸ್‌ರೇ ಹಾಳೆ, ಬಣ್ಣ ತೊಳೆದು, ಬಿಸಿ ಮಾಡಿ, ಕಟ್ಟಿಗೆಯ ಅಚ್ಚಿಗೆ ಒತ್ತಿದ್ದು. ರೆಕ್ಕೆಯ ಕೆಳಗೆ ಔಷಧಿ ಚಿಮ್ಮುವ ನಲವತ್ತು ಮೂತಿಗಳು, ಎಲ್ಲ ಇಂಜೆಕ್ಷನ್ ಸೂಜಿಯ ತುಂಡು. ಒಂದು ಕೊಳವೆ ಅರ್ಧ ಎಳೆ ವಾರೆಯಾದರೂ ಎಲ್ಲ ಕಿತ್ತು ಮತ್ತೆ ಕೂರಿಸುತ್ತಾಳೆ.

ಇದು ಆಯಿ ಹರೆಯದಲ್ಲಿದ್ದಾಗ ಸಿಂಧನೂರಿನ ಕಾಲುವೆ ಹೊಲಗಳ ಹತ್ತಿಗೆ ಔಷಧಿ ಹೊಡೆಯಲು ಬರುತ್ತಿದ್ದ ಹಳದಿ ವಿಮಾನ. ಲಾಲಪ್ಪ ತಾತ ಬದುವಿನ ಮೇಲೆ ಬಾವುಟ ಹಿಡಿದು ನಿಲ್ಲುತ್ತಿದ್ದ. ವಿಮಾನ ತಲೆಯ ಮೇಲೆ ಒಂದು ಸಾಲು ಸುರಿದು ಹೋದ ಮೇಲೆ ಹತ್ತು ಹೆಜ್ಜೆ ಸರಿದು ಮತ್ತೆ ಬಾವುಟ ಎತ್ತುವುದು, ಅದೇ ಕೂಲಿ. ಅವ್ವನಿಗೆ ಮೂರು ವರ್ಷವಾಗಿದ್ದಾಗ ತೀರಿಕೊಂಡ. ನಮ್ಮ ಗೋಡೆಯ ಮೇಲಿರುವ ಫೋಟೊ ಒಂದೇ ಗುರುತು: ನಿಂತ ವಿಮಾನ, ಮುಂದೆ ತಿರುಗುವ ಪಂಖದ ಪಕ್ಕ ಬಾವುಟದ ಕೋಲು ಹಿಡಿದ ಮನುಷ್ಯ, ರುಮಾಲಿನ ನೆರಳಲ್ಲಿ ಕಾಣದ ಮುಖ.

ವಿಮಾನದ ನಕ್ಷೆ ಎಲ್ಲೂ ಸಿಗಲಿಲ್ಲ. ನೆಟ್ಟಿನಲ್ಲಿ ಹುಡುಕೋಣವೆಂದರೆ ಅವ್ವ ಒಪ್ಪಲಿಲ್ಲ. "ಅಂಥ ವಿಮಾನ ಹತ್ತು ನಮೂನಿ ಅದಾವ. ಫೋಟೊದಾಗಿನ ಒಂದು ಅಳತಿ ಖರೇ ಗೊತ್ತಾದ್ರ ಉಳಿದದ್ದೆಲ್ಲಾ ತಾನ ಬರ್ತದ. ನಮಗ ಗೊತ್ತಿರೋದು ಒಂದ, ನಮ್ಮಪ್ಪ" ಎಂದಳು. ತಾತ ಎಷ್ಟು ಎತ್ತರವಿದ್ದ ಎಂದು ಆಯಿಯನ್ನು ಕೇಳಿದಳು. ಆಯಿ ಒಂದು ಕ್ಷಣವೂ ಯೋಚಿಸಲಿಲ್ಲ. "ಬಗ್ಗಿ ಒಳಗ ಬರ್ತಿದ್ರು. ಮರ್ತು ನೆಟ್ಟಗ ಬಂದ್ರ ಬಾಗಿಲ ಪಟ್ಟಿಗೆ ತಲಿ ಟಣ್ ಅಂತಿತ್ತು."

ಅವ್ವ ಟೇಪು ಹಿಡಿದು ಪಾಮನಕಲ್ಲೂರಿನ ಹಳೇ ಮನೆಗೆ ಹೋದಳು, ಜೊತೆಗೆ ನಾನು. ಈಗ ಅಲ್ಲಿರುವ ಯಮನೂರಪ್ಪ ಮಾಮ ಅವ್ವ ಬಾಗಿಲು ಅಳೆಯುವುದನ್ನು ನೋಡಿ, "ಯಕ್ಕಾ, ಏನ್ ಮಾಡಿದ್ರೂ ವಿಮಾನ ಇದರಾಗ ಹಾಯಂಗಿಲ್ಲ ಬಿಡು" ಎಂದ. ಐದಡಿ ಹತ್ತಿಂಚು ಬಂತು. ಅದೇ ತಾತನ ಎತ್ತರ. ಅಡಿಗೆ ಅರ್ಧ ಇಂಚಿನಂತೆ ಇಡೀ ವಿಮಾನ ಅದರಿಂದಲೇ ಹುಟ್ಟಿತು.

ಎಂಟು ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಸಿಂಧನೂರಿನ ಟೈರ್ ಅಂಗಡಿಯ ಉಸ್ಮಾನ್‌ಸಾಬರ ಬಳಿ ಆ ವಿಮಾನದ ಒಂದು ಗಾಲಿ ಇದೆ ಎಂದು ಯಾರೋ ಹೇಳಿದರು. ಆ ಕಾಲದಲ್ಲಿ ವಿಮಾನಕ್ಕೆ ಔಷಧಿ ತುಂಬುತ್ತಿದ್ದವರು, ತಾತನ ಜೊತೆಗಾರರು. ನಾವು ಹೋದ ದಿನ ಅವರು ಊರಲ್ಲಿರಲಿಲ್ಲ, ಮಗ ಗಾಲಿ ತೋರಿಸಿದ. ಅವ್ವ ಮೂರು ಸಲ ಅಳೆದಳು. ಅವಳ ಲೆಕ್ಕದಂತೆ ಅದು ಇಪ್ಪತ್ತಾರು ಇಂಚು ಇರಬೇಕಿತ್ತು. ಇದ್ದದ್ದು ಇಪ್ಪತ್ತೆರಡು. ಬರುವಾಗ ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಏನೋ ಗೀಚಿದಳು, ಕಿಟಕಿಯ ಕಡೆ ತಿರುಗಿ ಕೂತಳು. ಗಾಲಿ ಅಷ್ಟು ಸಣ್ಣದಾದರೆ ವಿಮಾನವೂ ಸಣ್ಣದು, ವಿಮಾನ ಸಣ್ಣದಾದರೆ ಪಕ್ಕದ ಮನುಷ್ಯನೂ. ಲೆಕ್ಕ ಐದಡಿಯನ್ನೂ ಮುಟ್ಟುತ್ತಿರಲಿಲ್ಲ.

ಮನೆಗೆ ಬಂದವಳೇ ಆಯಿಯ ಮುಂದೆ ಕೂತಳು.

"ಏನಬೇ, ನಮ್ಮಪ್ಪ ಐದಡಿ ಸಹಿತ ಇದ್ದಿಲ್ಲಂತಲ್ಲ."

"ಯಾರಂದ್ರು?"

"ಗಾಲಿ ಅಂತು."

"ಗಾಲಿಗೇನು ಗೊತ್ತು. ಬಾಳೇವು ಮಾಡಿದಾಕಿ ನಾನು."

"ಎತ್ತರನ ಸುಳ್ಳಂದ್ರ ಉಳಿದದ್ದು? ನನ್ನ ಹೆಗಲ ಮ್ಯಾಲೆ ಕುಂದ್ರಿಸಿಕೊಂಡು ವಿಮಾನ ತೋರ್ಸಿದ್ದು? ನನಗ ಹೆಸರು ಆರಿಸಿದ್ದು? ಸಾಯೂ ಮುಂದ ನನ್ನ ಕೇಳಿದ್ದು? ಅದೂ ಎಲ್ಲಾ ನೀ ಕಟ್ಟಿದ ಕತಿನಾ?"

ಆಯಿ ಸುಮ್ಮನಾದದ್ದೇ ತಪ್ಪಾಯಿತು. ಅವ್ವ ಎದ್ದು ಹೋಗಿ ವಿಮಾನದ ಮೇಲೆ ಹಳೇ ಚಾದರ ಹೊದಿಸಿ ಕೋಣೆಯ ಚಿಲಕ ಹಾಕಿದಳು.

ನಾನು ಪೆದ್ದಿಯ ಹಾಗೆ ಸಮಾಧಾನ ಹೇಳಲು ಹೋದೆ. ಎಲ್ಲ ಭಾಗವನ್ನೂ ಒಂದೇ ಫೋಟೊದಿಂದ ತೆಗೆದದ್ದಲ್ಲವೇ, ಆಕಾರ ಸರಿಯಾಗಿಯೇ ಇದೆ, ಅಡಿಗೆ ಅರ್ಧ ಇಂಚು ಅನ್ನುವ ಬದಲು ಬೇರೆ ಅಳತೆ ಬರೆದರೆ ಸಾಕು ಎಂದೆ. ಅವ್ವ ನನ್ನನ್ನು ನೋಡಿದ ರೀತಿಗೆ ನನ್ನ ಎಂಎ ಎಲ್ಲ ಕರಗಿಹೋಯಿತು. "ವಿಮಾನದ ಚಿಂತಿ ಯಾರಿಗೈತಿ ಹುಡುಗಿ" ಎಂದಳು.

ಅಣ್ಣ, ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಆಯಿಗೆ ಎಂಬತ್ತು ದಾಟಿದೆ. ಈ ಮಾತು ಹೀಗೇ ಉಳಿದು ಆಯಿ ಹೋಗಿಬಿಟ್ಟರೆ ಅವ್ವನಿಗೆ ತಾಯಿಯೂ ಇಲ್ಲ, ತಾಯಿಯಿಂದ ಬಂದ ತಂದೆಯೂ ಇಲ್ಲ.

ಮೊನ್ನೆ ಗುರುವಾರ ಬೆಳಿಗ್ಗೆ ಉಸ್ಮಾನ್‌ಸಾಬರು ತಾವೇ ಬಸ್ಸು ಹತ್ತಿ ಬಂದರು. ಬಾಗಿಲಲ್ಲೇ, "ಪಂಪವ್ವಾ, ನನ್ನ ಗಾಲಿ ನಿಮ್ಮ ಮನಿಯಾಗ ಜಗಳ ಹಚ್ಚೇತಂತ, ಹೌದೇನು?" ಎಂದರು. ಅವ್ವ ಫೋಟೊ ಇಳಿಸಿ ಕೈಗೆ ಕೊಟ್ಟಳು. ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಬಿಸಿಲಿಗೆ ತಿರುಗಿಸಿ ನೋಡಿದರು.

"ಇದು ಮೊದಲನೇ ಸಲ ವಿಮಾನ ಬಂದಾಗಿಂದು ಯವ್ವಾ. ನೀ ಇನ್ನೂ ಹುಟ್ಟಿದ್ದಿಲ್ಲ, ನಿಮ್ಮವ್ವನ ಲಗ್ನನೂ ಆಗಿದ್ದಿಲ್ಲ. ಲಾಲಪ್ಪಗ ಹದಿನಾರೋ ಹದಿನೇಳೋ. ಮೀಸಿ ಸಹಿತ ಬಂದಿದ್ದಿಲ್ಲ. ಆಮ್ಯಾಲೆ ಬೆಳದಾನ ನೋಡು, ಜ್ವಾಳದ ದಂಟು ಬೆಳದಂಗ. ನಮ್ಮ ಮನಿ ತೊಲಿಗೆ ಹಣಿ ಬಡಕೊಂಡು ನಮ್ಮಮ್ಮನ ಕೈಲಿ ಅರಿಶಿಣ ಹಚ್ಚಿಸ್ಕೊಂಡಾನ."

"ಅಷ್ಟು ಬೆಳೀತಾರೇನ್ರಿ?" ಎಂದಳು ಅವ್ವ.

"ಬೆಳೀಲಾರದ ಏನು? ನಾ ಬೆಳೀಲಿಲ್ಲ, ಅದು ಬ್ಯಾರೆ ಮಾತು."

ಅವ್ವ ನಗಲಿಲ್ಲ. ಫೋಟೊ ತೊಡೆಯ ಮೇಲಿಟ್ಟುಕೊಂಡು ಕೂತಳು. ಆಯಿ ಗೋಡೆಗೆ ಒರಗಿ ಸೆರಗಿನ ತುದಿ ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು. ಆಮೇಲೆ ಅವ್ವ ಎದ್ದು ಹಿಂದಿನ ಕೋಣೆಯ ಚಿಲಕ ತೆಗೆದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದಳು.

"ಯವ್ವಾ, ಈ ವಿಮಾನಕ್ಕ ಹಿಂದ ಇನ್ನೊಂದು ಸೀಟು ಇತ್ತೇನಬೇ?"

"ನಾ ಏನು ಹತ್ತಿ ಕುಂತೀನೇನು? ಮ್ಯಾಲೆ ಹೋಗೂದು ನೋಡೀನಿ, ನನಗ ಅದರ ಹೊಟ್ಟಿ ಅಷ್ಟ ಗೊತ್ತು" ಎಂದಳು ಆಯಿ. ಅಪ್ಪ ಪಂಚೆಯಿಂದ ಮುಖ ಒರೆಸಿಕೊಂಡು, "ನನ್ನ ನೌಕರಿ ಹೋತು" ಎಂದು ಚಹಾಕ್ಕಿಡಲು ಹೋದ. ಉಸ್ಮಾನ್‌ಸಾಬರು ಊಟ ಮಾಡಿ, ರೆಕ್ಕೆ ಬಾಲ ಎಲ್ಲ ಮುಟ್ಟಿ ನೋಡಿ, "ಪಂಪವ್ವಾ, ಇದರ ವಾಸನಿ ಒಂದು ಬಿಟ್ಟೀ" ಎಂದು ಹೇಳಿ ಹೋದರು.

ನಿನ್ನೆ ಹಳದಿ ಬಣ್ಣ ಆಯಿತು. ಕೋಣೆಯ ತುಂಬ ಟರ್ಪೆಂಟೈನ್ ವಾಸನೆ, ಮನೆಯ ತುಂಬ ಮಾತು. ಆಯಿ ಗುಳಿಗೆಯನ್ನು ಮತ್ತೆ ಅವ್ವನ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದಾಳೆ, ಮತ್ತೆ ಅವ್ವನನ್ನೇ ಬೈಯುತ್ತಿದ್ದಾಳೆ. ಅದನ್ನು ಕೇಳುತ್ತ ಮಲಗಿದರೆ ನನಗೆ ಕಣ್ತುಂಬ ನಿದ್ದೆ ಬರುತ್ತದೆ.

ಆಯಿ ನಿನಗೆ "ತಣ್ಣಗಿರು, ರೈಲಿನ ಬಾಗಿಲದಾಗ ನಿಂದ್ರಬ್ಯಾಡ" ಎಂದು ಆಶೀರ್ವಾದ ಹೇಳಿದ್ದಾಳೆ. ಅವ್ವ ಶೇಂಗಾ ಹಿಂಡಿ ಕಳಿಸುತ್ತಾಳೆ. ರಜೆ ಸಿಕ್ಕಾಗ ಬಾ, ಬಣ್ಣ ಒಣಗಿರುತ್ತದೆ.

ಇಂತಿ ನಿನ್ನ ತಂಗಿ,
ಸಂಘಮಿತ್ರಾ

ತಾ.ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಓದಿ ಹರಿದುಬಿಡು, ಫೋನಿನಲ್ಲಿ ಏನೂ ಕೇಳಬೇಡ.

ಉಸ್ಮಾನ್‌ಸಾಬರು ತಾವಾಗಿ ಬಂದದ್ದಲ್ಲ. ಬುಧವಾರ ಆಯಿ ನನ್ನ ಕೈಯಿಂದ ನಂಬರ್ ಒತ್ತಿಸಿಕೊಂಡು, ಫೋನನ್ನು ಹಿತ್ತಲಿಗೆ ಒಯ್ದು ಮಾತಾಡಿದ್ದಳು. ಏನೆಂದು ನಾನು ಕೇಳಿರಲಿಲ್ಲ. ಶುಕ್ರವಾರ ಅಕ್ಕಿ ಆರಿಸುತ್ತ ಅವಳೇ ಹೇಳಿದಳು. ಫೋಟೊದಲ್ಲಿರುವುದು ನಮ್ಮ ತಾತ ಅಲ್ಲ.

ಅವ್ವ ಶಾಲೆಯ ಎರಡನೇ ಇಯತ್ತೆಯಲ್ಲಿದ್ದಾಗ "ನಿಮ್ಮಪ್ಪನ ಫೋಟೊ ಎಲ್ಲೈತಿ" ಎಂದು ಯಾರೋ ಅಣಕಿಸಿದರಂತೆ, ಎರಡು ದಿನ ಉಣ್ಣಲಿಲ್ಲವಂತೆ. ಆಯಿ ಉಸ್ಮಾನ್‌ಸಾಬರ ಬಳಿ ಹೋಗಿ "ಯಾರದರ ಒಂದು ಕೊಡಪಾ" ಎಂದು ಬೇಡಿ ತಂದದ್ದು ಅದು. ಬಳ್ಳಾರಿ ಕಡೆಯಿಂದ ಬಂದ ಯಾವನೋ ಕೂಲಿ. ಹೆಸರು ಇಬ್ಬರಿಗೂ ಗೊತ್ತಿಲ್ಲ. ಇಷ್ಟು ವರ್ಷ ನಾವು ಹೂವಿಟ್ಟದ್ದು ಅವನಿಗೆ. ಆ ಫೋಟೊ ತೆಗೆಯುವಾಗ ತಾತ ದೂರದ ಬದುವಿನ ಮೇಲಿದ್ದನಂತೆ. ಇಳಿದು ಬಾ ಎಂದು ಅವನಿಗೆ ಯಾರೂ ಹೇಳಲಿಲ್ಲ.

"ಹುಟ್ಟಿದಾಗಿಂದ ಸಾಯೂತನಕ ಅವರದೊಂದು ಫೋಟೊ ಇಲ್ಲ ಮಗಳ" ಎಂದಳು ಆಯಿ. "ಎತ್ತರ ಖರೇ ಹೇಳಿದ್ದೆ. ಅದೊಂದು ಖರೇ ಹೇಳಿದ್ದಕ್ಕ ಸಿಕ್ಕೊಂಡೆ ನೋಡು."

ಅವ್ವನಿಗೆ ಹೇಳಬೇಕೇ ಬೇಡವೇ ಎಂದು ನಿನ್ನನ್ನು ಕೇಳಲೆಂದೇ ಈ ಹಾಳೆ ತೆಗೆದೆ. ಆದರೆ ಈಗ ಕೇಳುವ ಅಗತ್ಯವಿಲ್ಲ ಅನಿಸುತ್ತಿದೆ. ಇಂದು ಬೆಳಿಗ್ಗೆ ಅವ್ವ ವಿಮಾನದ ಪಕ್ಕ ಬಾವುಟದ ಮನುಷ್ಯನನ್ನೂ ಮಾಡಿ ನಿಲ್ಲಿಸಿದಳು. ಫೋಟೊದ ಮನುಷ್ಯನ ರುಮಾಲು ಪಂಖದ ನಡುವಿಗೆ ಬರುತ್ತದೆ. ಅವ್ವ ನಿಲ್ಲಿಸಿದವನ ತಲೆ ಅದಕ್ಕಿಂತ ಎಷ್ಟೋ ಮೇಲಿದೆ. ಆಯಿ ಹೇಳಿದ ಎತ್ತರ. ಅಂಗಿಯ ಗುಂಡಿ, ಕೈಯ ಬೆರಳು, ಎಲ್ಲ ಇದೆ. ಮುಖದಲ್ಲಿ ಮಾತ್ರ ಕಣ್ಣು, ಮೂಗು, ಏನೂ ಇಲ್ಲ.

ಯಾಕವ್ವ ಎಂದು ಕೇಳಿದೆ. ಕುಂಚ ತೊಳೆಯುತ್ತ, ತಲೆ ಎತ್ತದೆ, "ನೋಡಲಾರದ್ದು ಹೆಂಗ ಬರೀಲಿ" ಎಂದಳು. ಆಯಿ ಅಲ್ಲೇ ಇದ್ದಳು.