ನಾನು ಹಾಕಿದ ಗಂಟುಗಳು

ಭಾನುವಾರ, ಬೆಳಿಗ್ಗೆ ಏಳು ಗಂಟೆ

ಅಕ್ಕನ ಮನೆಯಲ್ಲಿ ಮುನಿಸಿಕೊಂಡು ಕೂತಿರುವವರಿಗೆ, ನಿಮ್ಮ ಮನೆಯವಳ ನಮಸ್ಕಾರ.

ನೀವು ಹೋಗಿ ಐದು ತಿಂಗಳಾಯಿತು. ಮಗಳ ಹತ್ತಿರ ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತೀರಿ, ನಾನು ತೆಗೆದುಕೊಂಡರೆ ಇಟ್ಟುಬಿಡುತ್ತೀರಿ. ಕಾಗದವನ್ನಾದರೂ ಪೂರ್ತಿ ಓದುತ್ತೀರೆಂದು ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ಕಡಲಹುಲ್ಲು ಬೇರು ಬಿಟ್ಟಿದೆ! ಎರಡನೇ ಸಲ ನೆಟ್ಟದ್ದು ಗೇಣುದ್ದ ಬೆಳೆದು, ನೀರಿಳಿದಾಗ ದಡದಿಂದಲೇ ಹಸಿರು ಕಾಣುತ್ತದೆ. ಮರಿಮೀನುಗಳು ಅದರೊಳಗೆ ನುಗ್ಗಿ ಆಡುವುದನ್ನು ನೋಡಿ ಮಗಳು ಮೊಣಕಾಲು ನೀರಿನಲ್ಲೇ ಕುಣಿದಳು. ಹತ್ತು ವರ್ಷದಿಂದ ಬರೀ ಕೆಸರಾಗಿದ್ದ ಜಾಗ ಅದು.

ಇನ್ನು ಹೇಳಲೇಬೇಕಾದ ಮಾತು. ಮೊದಲ ಸಲದ ಹುಲ್ಲು ತಿಂಗಳೊಳಗೆ ಕೊಳೆತಾಗ ನಿಮ್ಮ ದೋಣಿಯ ಲಂಗರು ಅದನ್ನು ಎಳೆದು ಹಾಳುಮಾಡಿತೆಂದು ಊರಿಗೆ ಊರೇ ತಪ್ಪು ಹೊರಿಸಿತು. ಸಭೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನಾನು, "ಇವ್ರಿಗೆ ಮೊದ್ಲಿಂದಾನೂ ಅವಸರ ಜಾಸ್ತಿ" ಅಂದುಬಿಟ್ಟೆ. ನೀವು ಮನೆಗೆ ಬಂದು ನಾಲ್ಕು ಅಂಗಿ ಚೀಲಕ್ಕೆ ತುಂಬಿದಿರಿ.

ಸಸಿಗಳನ್ನು ಕಟ್ಟಿ ಮುಳುಗಿಸಿದ್ದ ಆ ಹಳೆಯ ಕಬ್ಬಿಣದ ಚೌಕಟ್ಟುಗಳನ್ನು ಈ ವಾರ ಮೇಲೆತ್ತಿದೆವು. ಲಂಗರು ಎಳೆದಿದ್ದರೆ ಬಾಗಬೇಕಿತ್ತು, ಒಂದೂ ಬಾಗಿರಲಿಲ್ಲ. ದಂಟುಗಳು ಕಪ್ಪಾಗಿದ್ದುದು ಗಂಟು ಬಿದ್ದ ಕಡೆ. ದಂಟು ದಪ್ಪವಾಗಲು ಜಾಗ ಬೇಕು, ದಾರ ಸಡಿಲವಾಗಿ ಕಟ್ಟಿ ಎಂದು, ನಮಗೆ ಹುಲ್ಲು ನೆಡುವುದನ್ನು ಹೇಳಿಕೊಟ್ಟ ಶಾಲೆಯ ಟೀಚರಮ್ಮ ಬಡಕೊಂಡಿದ್ದರು. ಇಪ್ಪತ್ತು ವರ್ಷ ಬಲೆ ಹೆಣೆದವಳಿಗೆ ಗಂಟು ಹಾಕುವುದನ್ನು ಕಲಿಸಲು ಬಂದರಲ್ಲ ಎಂದು ನನಗೆ ಮೈಯೆಲ್ಲ ಉರಿದಿತ್ತು. ಎಷ್ಟೆಳೆದರೂ ಜಾರದ ಬಲೆಗಂಟನ್ನೇ ಹಾಕಿದೆ. ಬಲೆ ಶೆಡ್ಡಿನಲ್ಲಿ ಸಸಿ ಕಟ್ಟಲು ಕೂತ ಹೆಂಗಸರ ಕೈಲೂ ಅದನ್ನೇ ಹಾಕಿಸಿದೆ. ಹುಲ್ಲಿನ ಕತ್ತು ಹಿಸುಕಿದವಳು ನಾನು. ಎರಡನೇ ಸಲ ಟೀಚರಮ್ಮ ಹೇಳಿದಂತೆ ಕಟ್ಟಿದೆವು, ಬದುಕಿತು.

ನಿನ್ನೆ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಅಂದು ಎಲ್ಲರಿಗಿಂತ ಜೋರಾಗಿ ನಿಮ್ಮನ್ನು ಬೈದಿದ್ದ ಐಸ್ ಫ್ಯಾಕ್ಟರಿ ಮಾವ ತಲೆ ಕೆರೆದುಕೊಂಡು, "ಅವನನ್ನ ಕರ್ಸಮ್ಮ. ಬಂಡೆ ಆಚೆ ನೆಡೋಕೆ ನೀರಿನ ಸೆಳೆತ ಗೊತ್ತಿರೋನು ಅವನೊಬ್ನೇ" ಅಂದರು. ಮಗಳು ಮಾತ್ರ ಮನೆ ಸೇರುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಥೇಟ್ ನಿಮ್ಮದೇ ಗುಣ.

ಈ ತಿಂಗಳ ಕೊನೆಗೆ ಬಂಡೆಯಾಚೆ ನೆಡುತ್ತೇವೆ. ಬನ್ನಿ. ಹುಲ್ಲಿನ ಮಾತು ಹಾಗಿರಲಿ, ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ.

ಇಂತಿ,
ನಿಮ್ಮ ಬಾಯಿಬಡುಕಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ಗಂಟುಗಳನ್ನು ನಾನು ಮೊದಲು ನೋಡಿದ್ದು ಈ ವಾರವಲ್ಲ, ನೀವು ಹೋದ ನಾಲ್ಕನೇ ದಿನ. ನೀರಿಳಿದಾಗ ಒಬ್ಬಳೇ ಹೋಗಿ ಒಂದು ಚೌಕಟ್ಟು ಎತ್ತಿ ನೋಡಿ, ಹಾಗೇ ಮುಳುಗಿಸಿ ಬಂದೆ. ಐದು ತಿಂಗಳು ಗೊತ್ತಿದ್ದೂ ಸುಮ್ಮನಿದ್ದೆ. ಸಭೆಯಲ್ಲಿ ಇದನ್ನೂ ಹೇಳಿದೆ, ಮಗಳು ಮಾತು ಬಿಟ್ಟದ್ದು ಇದಕ್ಕೇ. ಇಷ್ಟು ಓದಿದ ಮೇಲೆ ನೀವಾಗಿ ಬರುವುದಿಲ್ಲ, ಗೊತ್ತು. ಗುರುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತಿದ್ದೇನೆ. ಬೈಯುವುದಿದ್ದರೆ ಬಸ್ ಸ್ಟ್ಯಾಂಡಿನಲ್ಲೇ ಬೈದು ಮುಗಿಸಿಬಿಡಿ, ಅಕ್ಕನ ಎದುರಿಗೆ ಬೇಡ.