ನೀನು ಕತ್ತರಿಸಿ ಹಾಕಿದ ಮಾತು

ಭಾನುವಾರ, ಮಧ್ಯಾಹ್ನ

ಪುಟ್ಟಿಗೆ ನಿನ್ನ ಅಮ್ಮ ಬರೆಯುವುದು,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ಅದಕ್ಕೇ ಬರೆಯುವುದಿಲ್ಲ. ನಿಮ್ಮಪ್ಪ ಮಾತ್ರ ಆರಾಮಾಗಿದ್ದಾರೆ. ಊಟ ಮುಗಿಸಿ ಟಿವಿಯ ಮುಂದೆ ಕೂತಿದ್ದಾರೆ. ಅದರಲ್ಲಿ ಏಳೆಂಟು ಜನ ಒಟ್ಟಿಗೆ ಕಿರುಚುತ್ತಾ ದೇಶವನ್ನು ಉದ್ಧಾರ ಮಾಡುತ್ತಿದ್ದಾರೆ, ಇವರು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಾರೆ.

ಅಮ್ಮ ಫೋನ್ ಎತ್ತುತ್ತಿಲ್ಲ ಎಂದು ನಿನಗೆ ಸಿಟ್ಟು. ಹೌದು, ಎತ್ತುವುದಿಲ್ಲ. ನಾನು ಈ ಕಡೆ ಅಳುತ್ತಿದ್ದರೆ ನೀನು ಆ ಕಡೆ ಅದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿರುತ್ತೀಯೋ ಏನೋ, ಯಾರಿಗೆ ಗೊತ್ತು? ಹೆತ್ತ ಮಗಳ ಮೇಲೆ ಹೀಗೆ ಅನುಮಾನ ಪಡುವ ಸ್ಥಿತಿ ಬಂತಲ್ಲ ಎಂದು ನನಗೇ ಅಸಹ್ಯವಾಗುತ್ತದೆ. ಆದರೂ ಅನುಮಾನ ಹೋಗುವುದಿಲ್ಲ.

ನಿನ್ನ ಮೆಸೇಜು ಓದಿದೆ. ಮುಂದಿನ ವಾರ ಬರುತ್ತೀಯಂತೆ. ನಾನು ಲೈಬ್ರರಿ ಆಂಟಿಯ ಮನೆ ಬಾಗಿಲಲ್ಲಿ ನಿಂತು ಸಾರಿ ಅನ್ನಬೇಕಂತೆ, ಅವಳು ನಕ್ಕುಬಿಡಬೇಕಂತೆ, ಇಬ್ಬರೂ ತಬ್ಬಿಕೊಂಡರೆ ನೀನು ಅದನ್ನು ಒಂದು ಸಣ್ಣ ವಿಡಿಯೋ ಮಾಡಿ ಹಾಕುತ್ತೀಯಂತೆ, ಜನ ಹಿಂದಿನದನ್ನು ಮರೆತುಬಿಡುತ್ತಾರಂತೆ. ಜನ ಮರೆಯಬಹುದು ಪುಟ್ಟಿ. ನೀನು ಬಾ, ನಿನ್ನ ಮನೆ ಇದು. ಕ್ಯಾಮೆರಾ ತರಬೇಡ. ಆ ವಿಡಿಯೋ ಆಗುವುದಿಲ್ಲ.

ಯಾಕೆ ಎಂದು ಹೇಳುತ್ತೇನೆ. ಮೊದಲಿನಿಂದಲೇ ಹೇಳಬೇಕು. ನೀನು ನಿನ್ನ ಚಾನೆಲ್ಲಿನಲ್ಲಿ ಹೇಳಿದ ಕಥೆಗೂ ನನ್ನ ಕಥೆಗೂ ಮೊದಲಿನಿಂದಲೇ ತಾಳೆ ಇಲ್ಲ.

ನಾನು ಅಂಗಡಿಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಾ ನನ್ನ ಪಾಡಿಗೆ ಗೊಣಗುತ್ತಿದ್ದೆ. ಅದು ನನ್ನ ಹಳೆಯ ಚಟ. ಫೋನಿಗೆ ಟಾರ್ಚ್ ಆ್ಯಪ್ ಹಾಕಿಸಿಕೊಂಡರೆ ಅದು ನನ್ನ ಪರಿಚಯದವರ ನಂಬರನ್ನೆಲ್ಲ ಕೇಳುತ್ತದೆ, ಬೆಳಕು ಬಿಡುವುದಕ್ಕೆ ಅದಕ್ಕೆ ನನ್ನ ನಾದಿನಿಯ ನಂಬರು ಯಾಕೆ ಎಂದು ಬೈದೆ. ನೀನು ಬಟ್ಟೆ ರಾಶಿಯ ಹಿಂದಿನಿಂದ ಅದನ್ನು ಕದ್ದು ಹಿಡಿದು, ನನಗೆ 'ಗೊಣಗಮ್ಮ' ಎಂದು ಹೆಸರಿಟ್ಟು, ಲೋಕಕ್ಕೆಲ್ಲ ತೋರಿಸಿದೆ. ಆಮೇಲೆ ಒಂದಾದ ಮೇಲೊಂದು. ಮಂಡಿನೋವು ಎಂದು ನಿಮ್ಮಪ್ಪನಿಗೆ ಹೇಳಿದರೆ ಅವರಿಗೆ ಕೇಳಿಸಲಿಲ್ಲ, ಫೋನಿಗೆ ಕೇಳಿಸಿತು, ಸಂಜೆಯೊಳಗೆ ಮುಲಾಮಿನ ಜಾಹೀರಾತು ಬಂತು, ಮದುವೆಯಾದ ಮೇಲೆ ನನ್ನ ಮಾತಿಗೆ ಇಷ್ಟು ಬೇಗ ಯಾರೂ ಓಗೊಟ್ಟಿರಲಿಲ್ಲ ಎಂದದ್ದು. ಧಾರಾವಾಹಿಯ ನಾಯಕಿ ಸಾಯುವ ಹಾಸಿಗೆಯಲ್ಲೂ ತುಟಿಗೆ ಬಣ್ಣ ಹಚ್ಚಿಕೊಂಡಿರುತ್ತಾಳೆ ಎಂದದ್ದು. ಚುನಾವಣೆಗೆ ನಿಂತವರು ಕೈಮುಗಿಯುವ ಫೋಟೋದ ಅಂಗಿ ಒಬ್ಬರಿಗೂ ಭುಜದಲ್ಲಿ ಸರಿಯಾಗಿ ಕೂತಿಲ್ಲ, ಇವರೆಲ್ಲ ಒಂದೇ ಅಂಗಿಯನ್ನು ಬಾಡಿಗೆಗೆ ತಂದಿರಬೇಕು ಎಂದದ್ದು.

ನಾನೇನು ಸಾಚಾ ಅಲ್ಲ. ನನಗೆ ಖುಷಿಯಾಯಿತು. ಔಷಧಿ ಅಂಗಡಿಯವನು ಸಾಲಿನಲ್ಲಿ ನಿಂತವರನ್ನೆಲ್ಲ ಬಿಟ್ಟು ನನಗೆ ಮೊದಲು ಮಾತ್ರೆ ಕೊಟ್ಟ. ಬಸ್ಸಿನಲ್ಲಿ ಕಾಲೇಜು ಹುಡುಗಿಯರು ಎದ್ದು ಸೀಟು ಬಿಟ್ಟು, ಏನಾದರೂ ಗೊಣಗಿ ಆಂಟಿ ಎಂದು ಕೇಳಿಕೊಂಡರು. ನೀನು ಬರುವ ದಿನ ನಾನು ಬೆಳಿಗ್ಗೆಯೇ ಪೇಪರ್ ಓದಿ ಏನೇನು ಬೈಯಬೇಕೆಂದು ಯೋಚಿಸಿಟ್ಟುಕೊಳ್ಳುತ್ತಿದ್ದೆ. ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಗೊಣಗುತ್ತಿದ್ದೆ. ನೀನು ಹೊಗಳಿ ಅಟ್ಟಕ್ಕೇರಿಸಿದೆ, ನಾನು ಕಣ್ಣುಮುಚ್ಚಿ ಏರಿದೆ.

ಈಗ ಲೈಬ್ರರಿ ಆಂಟಿಯ ವಿಷಯ. ನಿನಗೆ ಅವಳು ಆಂಟಿ. ಬೀದಿಯ ಕೊನೆಯ ಲೈಬ್ರರಿಯ ಕೌಂಟರಿನ ಹಿಂದೆ ನಿಂತು ನಿನಗೆ ಚಿತ್ರದ ಪುಸ್ತಕ ಮೊದಲು ತೆಗೆದಿಟ್ಟು ಕೊಡುತ್ತಿದ್ದವಳು. ನನಗೆ ಅವಳು ಜೀವದ ಗೆಳತಿ, ಬರೀ 'ಲೇ', ಅವಳಿಗೆ ನಾನೂ 'ಲೇ'. ನೀನು ಹೈಸ್ಕೂಲಿನಲ್ಲಿದ್ದಾಗ ಅವಳು ಬಹಳ ದಿನ ರಜೆ ಹಾಕಿದ್ದಳು. ಬೆನ್ನುನೋವು ಎಂದು ಎಲ್ಲರಿಗೂ ಹೇಳಿದ್ದೆವು. ಬೆನ್ನುನೋವಲ್ಲ. ಗಡ್ಡೆ ಬಂದು ಎಡಗಡೆಯ ಎದೆಯನ್ನು ತೆಗೆದುಬಿಟ್ಟಿದ್ದರು. ಅವಳ ಗಂಡ, ಡಾಕ್ಟರು, ನಾನು, ಇಷ್ಟು ಬಿಟ್ಟರೆ ಇನ್ನೊಂದು ನೊಣಕ್ಕೂ ಗೊತ್ತಿರಲಿಲ್ಲ.

ಮತ್ತೆ ಕೆಲಸಕ್ಕೆ ಹೋಗುವ ಹಿಂದಿನ ದಿನ ಅಂಗಡಿಗೆ ಬಂದು, ಶಟರ್ ಎಳೆ ಎಂದಳು. ಎಳೆದೆ. ರವಿಕೆ ಬಿಚ್ಚಿ ತೋರಿಸಿದಳು. ಆ ಜಾಗಕ್ಕೆ ಇಟ್ಟುಕೊಳ್ಳಲು ಆಸ್ಪತ್ರೆಯಲ್ಲಿ ಕೊಟ್ಟ ಮೆತ್ತೆ ಬೆವರಿಗೆ ಜಾರುತ್ತದೆ, ಪುಸ್ತಕ ಇಡಲು ಕೈ ಮೇಲೆತ್ತಿದರೆ ಅದೂ ಮೇಲೇರುತ್ತದೆ ಎಂದಳು. "ಏನಾದ್ರೂ ಮಾಡೇ, ಜನ ನನ್ನ ಮುಖ ನೋಡ್ಕೊಂಡು ಮಾತಾಡ್ಬೇಕು" ಎಂದಳು. ನಾನು ರವಿಕೆಯ ಒಳಗೆ ಲೈನಿಂಗಿನ ಜೇಬು ಹೊಲಿದು, ಹತ್ತಿ ತುಂಬಿ, ಹತ್ತಿಯ ನಡುವೆ ಸಣ್ಣ ಮಣಿಗಳನ್ನು ಸೇರಿಸಿ, ಆ ಕಡೆಗೂ ಈ ಕಡೆಗೂ ಭಾರ ಸಮವಾಗುವ ತನಕ ಹಾಕಿ ತೆಗೆದು, ಹಾಕಿ ತೆಗೆದು ಮಾಡಿದೆ. ಅಂದಿನಿಂದ ಅವಳ ಒಂದೊಂದು ರವಿಕೆಯನ್ನೂ ನಾನೇ ಹೊಲಿದದ್ದು. ಅವಳು ಕೈ ಎತ್ತಿ ಮೇಲಿನ ಕಪಾಟಿನಿಂದ ಪುಸ್ತಕ ತೆಗೆಯುವುದನ್ನು ನಿಂತು ನೋಡುವುದೇ ನನಗೊಂದು ಹೆಮ್ಮೆ.

ಆ ಹೆಮ್ಮೆಯೇ ಬಾಯಿಗೆ ಬಂತು. ನೀನು ಅವತ್ತು ಫೋನನ್ನು ದಾರದ ಡಬ್ಬದ ಮೇಲೆ ನಿಲ್ಲಿಸಿ, ಯಾವುದೋ ಬ್ಯಾಂಕಿನಿಂದ ಲಕ್ಷಾಂತರ ಜನರ ಗುಟ್ಟು ಸೋರಿಹೋಯಿತಂತಲ್ಲ ಅಮ್ಮ, ಏನನ್ನುತ್ತೀ ಎಂದು ಕೆಣಕಿದೆ. ನಾನು ಶುರು ಮಾಡಿದೆ. ನಿಮ್ಮ ಫೋನಿಗೆ ಬೆರಳು ಬೇಕು, ಮುಖ ಬೇಕು, ಪಾಸ್‌ವರ್ಡ್ ಬೇಕು, ಆದರೂ ಸೋರುತ್ತದೆ. ನನ್ನ ತಲೆಯಲ್ಲಿ ಈ ಬೀದಿಯ ಹೆಂಗಸರ ಮೈಯೆಲ್ಲ ಇದೆ. ಯಾವಳ ಭುಜ ಓರೆ, ಯಾವಳು ಸೊಂಟದ ಅಳತೆಯಲ್ಲಿ ಸುಳ್ಳು ಹೇಳುತ್ತಾಳೆ, ಎಲ್ಲ ಗೊತ್ತು. ಒಬ್ಬಳಿಗೆ ಒಂದು ಕಡೆ ಬರೀ ಹತ್ತಿ. ದಿನವಿಡೀ ಜನರ ಮುಂದೆ ನಿಂತು ಪುಸ್ತಕ ಎತ್ತಿಡುತ್ತಾಳೆ, ಇವತ್ತಿನವರೆಗೂ ಒಬ್ಬರಿಗೆ ಗೊತ್ತಾಗಿದೆಯಾ? "ನನ್ನ ಹತ್ರ ಸೋರುತ್ತಾ?" ಎಂದು ಕೇಳಿ ನಕ್ಕೆ. ನಕ್ಕವಳು ನಾಲಿಗೆ ಕಚ್ಚಿಕೊಂಡೆ.

ಇನ್ನು ಮುಂದಿನದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ನಾಲಿಗೆ ಕಚ್ಚಿಕೊಂಡ ಮರುಕ್ಷಣ ನಾನು "ಪುಟ್ಟಿ, ಇದನ್ನ ಹಾಕ್ಬೇಡ ಮತ್ತೆ" ಎಂದೆ. ನೀನು "ಹ್ಞೂಂ ಅಮ್ಮ" ಎಂದೆ.

ನೀನು ಹಾಕಿದೆ. ನಾನು ನಾಲಿಗೆ ಕಚ್ಚಿಕೊಂಡಲ್ಲಿಗೆ ನಿಲ್ಲಿಸಿ, ನನ್ನ ಮುಖವನ್ನು ದೊಡ್ಡದು ಮಾಡಿ, ನಗುವಿನ ಸದ್ದು ಸೇರಿಸಿದೆ. 'ಹಾಕ್ಬೇಡ' ಎಂಬ ಮಾತನ್ನು ಮಾತ್ರ ಕತ್ತರಿಸಿದೆ. ನಾನೂ ಜೀವನವಿಡೀ ಕತ್ತರಿ ಹಿಡಿದವಳು. ನನ್ನ ಮೇಜಿನ ಮೇಲೆ ಬೇಡವಾದದ್ದು ನೆಲಕ್ಕೆ ಬೀಳುತ್ತದೆ. ನಿನ್ನ ಮೇಜಿನ ಮೇಲೆ ಬೇಕಾದದ್ದೇ ಬಿತ್ತು.

ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ಅವತ್ತು ಸಂಜೆಯೇ ನಾನು ಅದನ್ನು ನೋಡಿದೆ. ಫೋನ್ ಮಾಡಿ ತೆಗೆಸಬಹುದಿತ್ತು. ಆದರೆ ನೋಡಿದವರ ಲೆಕ್ಕ ಕಣ್ಣೆದುರೇ ಏರುತ್ತಿತ್ತು, ನನ್ನನ್ನು ಎಲ್ಲರೂ ಹೊಗಳುತ್ತಿದ್ದರು. ಹೆಸರು ಹೇಳಿಲ್ಲವಲ್ಲ, ಯಾರಿಗೆ ತಿಳಿಯುತ್ತದೆ ಎಂದು ಸುಮ್ಮನಾದೆ. ಮರುದಿನ ವಿಡಿಯೋದ ಕೆಳಗೆ ಯಾರೋ, ಪುಸ್ತಕ ಎತ್ತಿಡುವುದೆಂದರೆ ಆ ಲೈಬ್ರರಿಯ ಮೇಡಂ ಅಲ್ಲವೇ ಎಂದು ಬರೆದಿದ್ದರು. ಅದರ ಕೆಳಗೆ ನಗುವ ಮುಖಗಳ ಸಾಲು. ನೀನು ತೆಗೆಯುವ ಹೊತ್ತಿಗೆ ಅದು ಬೀದಿಯ ಫೋನುಗಳಿಗೆಲ್ಲ ಹೋಗಿಯಾಗಿತ್ತು.

ಲೈಬ್ರರಿಗೆ ಒಮ್ಮೆಯೂ ಕಾಲಿಡದ ಗಂಡಸರು ಪುಸ್ತಕ ಕೇಳಿಕೊಂಡು ಬಂದರಂತೆ. ಪುಸ್ತಕ ಈಸಿಕೊಳ್ಳುವಾಗ ಕಣ್ಣು ಮುಖದ ಮೇಲೆ ನಿಲ್ಲುತ್ತಿರಲಿಲ್ಲವಂತೆ. ಹೆಂಗಸರು ಕೈ ಹಿಡಿದು ಅಯ್ಯೋ ಪಾಪ ಎಂದರಂತೆ. ಅವಳಿಗೆ ಗಂಡಸರ ಕಣ್ಣಿಗಿಂತ ಈ ಅಯ್ಯೋ ಪಾಪವೇ ಹೆಚ್ಚು ಉರಿಯಿತಂತೆ. ಇದನ್ನೆಲ್ಲ ಅವಳ ಗಂಡ ಹೇಳಿದ್ದು. ನಾನು ಎರಡು ಸಲ ಅವಳ ಮನೆಗೆ ಹೋದೆ. ಎರಡು ಸಲವೂ ಆತನೇ ಬಾಗಿಲಲ್ಲಿ ನಿಂತು ಮಾತಾಡಿದ, ಒಳಗೆ ಕರೆಯಲಿಲ್ಲ. ಒಳಗೆ ಅವಳು ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

ಅಷ್ಟರಲ್ಲಿ ನೀನು ಇನ್ನೊಂದು ಘನಕಾರ್ಯ ಮಾಡಿದೆ. ಜನ ಬೈಯತೊಡಗಿದರು ಎಂದು ಚಾನೆಲ್ಲಿನಲ್ಲಿ ಬಂದು ಕೂತು, ಕಣ್ಣಲ್ಲಿ ನೀರು ತಂದುಕೊಂಡು, "ಅಮ್ಮನ ಒಪ್ಪಿಗೆ ಇಲ್ದೆ ನಾನು ಇವತ್ತಿನವರೆಗೂ ಏನೂ ಹಾಕಿಲ್ಲ" ಎಂದೆ. ಅದನ್ನು ನಾನು ಅಂಗಡಿಯಲ್ಲಿ ಗಿರಾಕಿಯೊಬ್ಬಳ ಫೋನಿನಲ್ಲಿ ನೋಡಿದೆ. ಅವಳ ತೋಳಿನ ಅಳತೆ ತೆಗೆಯುತ್ತಿದ್ದೆ. ಟೇಪು ಹಿಡಿದುಕೊಂಡು ಹಾಗೇ ನಿಂತೆ. ಹತ್ತಿರವಿದ್ದಿದ್ದರೆ, ನೀನು ಎಷ್ಟೇ ದೊಡ್ಡವಳಾಗಿರು, ಕೆನ್ನೆಗೆ ಬಾರಿಸುತ್ತಿದ್ದೆ.

ಮೊನ್ನೆ ಶುಕ್ರವಾರ ಅವಳೇ ಅಂಗಡಿಗೆ ಬಂದಳು. ಎರಡು ದೊಡ್ಡ ಚೀಲ ತಂದಿದ್ದಳು. ನಾನು ಶಟರ್ ಎಳೆಯಲು ಹೋದರೆ ತಡೆದಳು. "ಇರ್ಲಿ ಬಿಡು, ಈಗ ಯಾತಕ್ಕೆ?" ಎಂದಳು. ಚೀಲದಲ್ಲಿ ನಾನು ಹೊಲಿದ ರವಿಕೆಗಳೆಲ್ಲ ಇದ್ದವು, ಕೆಲಸಕ್ಕೆ ಹಾಕುವವು, ಮದುವೆ ಮುಂಜಿಗೆ ಹಾಕುವವು, ಜೊತೆಗೆ ಚಳಿಯ ಕೋಟು. ಎಲ್ಲದರ ಒಳಗಿರುವುದನ್ನು ಬಿಚ್ಚಿಕೊಡು ಎಂದಳು. ಊರಿಗೆಲ್ಲ ಗೊತ್ತಾದ ಮೇಲೆ ಈ ಭಾರ ಯಾರಿಗೋಸ್ಕರ ಹೊರಬೇಕು ಎಂದಳು. ನಾನು ಬೇಡ ಎಂದೆ, ಕೈ ಮುಗಿದೆ. ಅವಳು ಸ್ಟೂಲ್ ಎಳೆದುಕೊಂಡು ನನ್ನೆದುರು ಕೂತಳು.

ಬ್ಲೇಡು ತೆಗೆದುಕೊಂಡು ಬಿಚ್ಚಿದೆ. ನನ್ನ ಹೊಲಿಗೆ ಸುಲಭಕ್ಕೆ ಬಿಚ್ಚುವುದಿಲ್ಲ, ನಿನಗೆ ಗೊತ್ತಲ್ಲ, ಅವಳ ರವಿಕೆಗೆ ಯಾವಾಗಲೂ ಎರಡೆರಡು ಸಲ ಓಡಿಸುತ್ತಿದ್ದೆ. ಮಣಿಗಳು ನೆಲದ ಮೇಲೆಲ್ಲ ಉರುಳಿದವು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಅವಳು ಒಂದು ಸಲವೂ ತಿರುಗಲಿಲ್ಲ. ನನಗೆ ಅಳು ಬಂದು ಕಣ್ಣು ಮಂಜಾಗಿ ಒಂದು ಕಡೆ ಬಟ್ಟೆಯೇ ಹರಿಯಿತು.

ಎಲ್ಲ ಮುಗಿದ ಮೇಲೆ ರವಿಕೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಾ ಕೇಳಿದಳು. "ಒಂದು ನಿಜ ಹೇಳು. ಪುಟ್ಟಿ ಹೇಳಿದ್ದು ಹೌದಾ? ನೀನು ಒಪ್ಪಿದ್ಯಾ?"

ಅಲ್ಲ ಎಂದು ನಾನು ಹೇಳಬಹುದಿತ್ತು. ಬೇಡ ಎಂದಿದ್ದೆ, ಮಗಳು ಆ ಮಾತನ್ನೇ ಕತ್ತರಿಸಿದಳು, ಆಮೇಲೆ ಸುಳ್ಳೂ ಹೇಳಿದಳು ಎಂದಿದ್ದರೆ ಅವಳು ನಂಬುತ್ತಿದ್ದಳು. ನನ್ನನ್ನು ಎರಡು ಬೈಗುಳ ಬೈದು, ಒಂದು ದಿನ ಮತ್ತೆ ಆ ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದಳೋ ಏನೋ. ಆದರೆ ನಿನ್ನ ಹೆಸರು ಅವಳ ಮನೆಯಲ್ಲಿ ಮಣ್ಣಾಗುತ್ತಿತ್ತು. ಮಕ್ಕಳಿಲ್ಲದವಳು, ನೀನು ಬರೆದ ವಕ್ರವಕ್ರ ಚಿತ್ರವನ್ನು ಲೈಬ್ರರಿಯ ಕೌಂಟರಿನ ಗಾಜಿನ ಕೆಳಗೆ ಇನ್ನೂ ಇಟ್ಟುಕೊಂಡಿದ್ದಾಳೆ.

"ಹ್ಞೂಂ, ಒಪ್ಪಿದ್ದೆ" ಎಂದೆ.

"ಸರಿ. ಇನ್ಮೇಲೆ ರೆಡಿಮೇಡ್ ತಗೋತೀನಿ" ಎಂದು ಚೀಲ ಎತ್ತಿಕೊಂಡು ಹೋದಳು. ಲೇ ಎಂದು ಕರೆಯಲಿಲ್ಲ.

ಆದ್ದರಿಂದ ಪುಟ್ಟಿ, ಕ್ಷಮೆಯ ವಿಡಿಯೋ ಬೇಡ. ಕ್ಷಮೆ ಕೇಳಲು ನನಗಿದ್ದ ದಾರಿಯನ್ನು ನಿನಗೋಸ್ಕರ ನಾನೇ ಮುಚ್ಚಿಕೊಂಡು ಬಂದಿದ್ದೇನೆ. ನನಗೆ ನಿನ್ನ ಮೇಲೆ ತುಂಬಾ ಸಿಟ್ಟಿದೆ. ಅದು ಇಳಿದಿಲ್ಲ, ಸದ್ಯಕ್ಕೆ ಇಳಿಯುವ ಹಾಗೂ ಕಾಣುವುದಿಲ್ಲ. ಗೊಣಗಮ್ಮ ಇನ್ನು ಗೊಣಗುವುದಿಲ್ಲ ಎಂದು ನಿನ್ನ ಜನಕ್ಕೆ ಹೇಳು. ಕಾರಣ ಕೇಳಿದರೆ ಗಂಟಲು ಕಟ್ಟಿದೆ ಎನ್ನು.

ಹೊತ್ತುಹೊತ್ತಿಗೆ ಊಟ ಮಾಡು.

ಇಂತಿ,
ನಿನ್ನ ಅಮ್ಮ

ಮತ್ತೊಂದು ಮಾತು: ಹೋದ ಸಲ ಬಂದಾಗ ದಪ್ಪಗಾಗಿದ್ದೇನೆ ಎಂದು ಅಳತೆ ಕೊಟ್ಟು ಬಿಟ್ಟುಹೋದ ನಿನ್ನ ನೀಲಿ ಗೌನನ್ನು ಸೊಂಟದಲ್ಲಿ ಬಿಡಿಸಿ ಈ ಪಾರ್ಸೆಲಿನಲ್ಲಿ ಇಟ್ಟಿದ್ದೇನೆ. ತಿಂದು ದಪ್ಪಗಾದ ಮೈ ಯಾವುದು, ಬೇರೆ ಕಾರಣಕ್ಕೆ ತುಂಬಿಕೊಂಡ ಮೈ ಯಾವುದು ಎಂದು ನನ್ನ ಕೈಗೆ ಟೇಪು ಹಿಡಿದಾಗಲೇ ತಿಳಿಯುತ್ತದೆ. ಮುಂದಿನ ತಿಂಗಳುಗಳಿಗೆ ಇನ್ನಷ್ಟು ಬಿಡಿಸಲು ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟಿದ್ದೇನೆ. ಯಾರು, ಏನು, ಮುಂದೇನು ಎಂದು ನಾನು ಕೇಳುವುದಿಲ್ಲ. ನಿಮ್ಮಪ್ಪನಿಗೂ ಹೇಳಿಲ್ಲ. ನೀನಾಗಿ ಹೇಳುವವರೆಗೆ ನನಗೂ ಗೊತ್ತಿಲ್ಲ.